ಸುರತ್ಕಲ್ ಫ್ಲ್ಯಾಟ್‌ನ ಪಶ್ಚಿಮ ಗೋಡೆಯ ಲೂವರ್ ಅಲುಗಾಡುತ್ತಿದೆ: ಪೇಂಟ್ ಹೊಡೆದರೆ ಸಾಕಾ, ಬಿಚ್ಚಲೇಬೇಕಾ?

ಪಡುಗಡಲು:
ಎಲ್ಲರಿಗೂ ನಮಸ್ಕಾರ. ನಮ್ಮದು ಸುರತ್ಕಲ್ ಹತ್ತಿರದ ಏಳು ಮಹಡಿಯ ಅಪಾರ್ಟ್‌ಮೆಂಟ್. ಟೆರೇಸ್ ಹತ್ತಿದರೆ ಕಡಲು ಕಾಣುತ್ತದೆ, ಅಷ್ಟು ಹತ್ತಿರ. ಎಲಿವೇಷನ್ ಚೆನ್ನಾಗಿ ಕಾಣಲಿ, ಸಂಜೆ ಬಿಸಿಲೂ ತಡೆಯಲಿ ಅಂತ ಪಶ್ಚಿಮದ ಗೋಡೆಗೆ ಮೇಲಿನಿಂದ ಕೆಳಗಿನವರೆಗೂ ಲೂವರ್ (ಸಂದು ಬಿಟ್ಟು ಸಾಲಾಗಿ ಜೋಡಿಸಿದ ಅಡ್ಡಪಟ್ಟಿ) ಹಾಕಿದ್ದಾರೆ. ಅಡ್ಡಪಟ್ಟಿಗಳು ಅಲ್ಯುಮಿನಿಯಂ, ಹಿಂದಿನ ಫ್ರೇಮ್ ಎಂ.ಎಸ್. (ಸಾದಾ ಉಕ್ಕಿನ) ಪೈಪ್. ಕಟ್ಟಡಕ್ಕೆ ಆರು ವರ್ಷ ಆಗಿದೆ ಅಷ್ಟೇ.

ಈಗ ಪಟ್ಟಿಗಳ ತುದಿಯಲ್ಲಿ ಕೋಟಿಂಗ್ ಗುಳ್ಳೆ ಎದ್ದಿದೆ. ಉಜ್ಜಿದರೆ ಬಿಳಿ ಪುಡಿ ಉದುರುತ್ತದೆ. ಗೋಡೆಯ ಮೇಲೆ ಕಂದು ಬಣ್ಣದ ಗೆರೆಗಳು ಇಳಿದಿವೆ. ಗಾಳಿ ಜೋರಾದರೆ ರಾತ್ರಿಯಿಡೀ ಕಟಕಟ ಸದ್ದು, ಪಶ್ಚಿಮದ ಬೆಡ್‌ರೂಮಿನವರಿಗೆ ನಿದ್ದೆ ಇಲ್ಲ. ಕಳೆದ ವಾರದ ಮಳೆಗಾಳಿಗೆ ಐದನೇ ಮಹಡಿಯ ಒಂದು ಪಟ್ಟಿ ಒಂದು ಕಡೆ ಕಳಚಿಕೊಂಡು ನೇತಾಡುತ್ತಿತ್ತು. ಕೆಳಗೆ ಪಾರ್ಕಿಂಗ್, ಮಕ್ಕಳು ಸೈಕಲ್ ಹೊಡೆಯುವ ಜಾಗ.

ಒಬ್ಬ ಕಾಂಟ್ರಾಕ್ಟರ್ "ಸ್ಕ್ರೂ ಟೈಟ್ ಮಾಡಿ, ರೆಡ್ ಆಕ್ಸೈಡ್ ಪ್ರೈಮರ್ ಮೇಲೆ ಎನಾಮೆಲ್ ಪೇಂಟ್ ಹೊಡೆದರೆ ಹತ್ತು ವರ್ಷ ನೋಡಬೇಕಾಗಿಲ್ಲ" ಅನ್ನುತ್ತಾರೆ. ಇನ್ನೊಬ್ಬರು ಎಲ್ಲ ಬಿಚ್ಚಿ ಹೊಸದು ಹಾಕಬೇಕು ಅಂತ ದೊಡ್ಡ ಕೊಟೇಶನ್ ಕೊಟ್ಟಿದ್ದಾರೆ. ಅಸೋಸಿಯೇಷನ್ ಮೀಟಿಂಗ್‌ನಲ್ಲಿ ಎರಡು ಪಂಗಡ ಆಗಿ ಕೂತಿದ್ದೇವೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ನೆಲಮಹಡಿ:
ಮೊದಲು ಆ ಪಾರ್ಕಿಂಗ್ ಖಾಲಿ ಮಾಡಿಸಿ. ಉಳಿದದ್ದು ಆಮೇಲೆ.

ಹದಿನಾರು ಗೇಜ್:
ನಾನು ಉಡುಪಿಯಲ್ಲಿ ಫ್ಯಾಬ್ರಿಕೇಶನ್ ಮಾಡುವವನು. ನೆಲಮಹಡಿಯವರು ಹೇಳಿದ್ದು ನೂರಕ್ಕೆ ನೂರು ಸರಿ. ಹಗ್ಗ ಕಟ್ಟಿ, ಬೋರ್ಡ್ ಹಾಕಿ, ಇವತ್ತೇ. ಒಂದು ಪಟ್ಟಿ ಬಿಟ್ಟಿದೆ ಅಂದರೆ ಪಕ್ಕದ್ದೂ ಬಿಡುವ ಹಂತಕ್ಕೆ ಬಂದಿರುತ್ತದೆ, ಯಾಕೆಂದರೆ ಎಲ್ಲಕ್ಕೂ ಒಂದೇ ಡಬ್ಬಿಯ ಸ್ಕ್ರೂ ಹಾಕಿರುತ್ತಾರೆ ಮಾರಾಯ್ರೆ.

ಆಮೇಲೆ ಒಂದು ಆಯಸ್ಕಾಂತ ತೆಗೆದುಕೊಂಡು ಹೋಗಿ. ಪಟ್ಟಿಗೆ ಅಂಟಿದರೆ ಅದು ಅಲ್ಯುಮಿನಿಯಂ ಅಲ್ಲ, ತೆಳು ತಗಡಿಗೆ ಬಣ್ಣ ಹೊಡೆದದ್ದು. ಸ್ಕ್ರೂಗೆ ಗಟ್ಟಿಯಾಗಿ ಅಂಟಿದರೆ ಅದು ಜಿಂಕ್ ಪ್ಲೇಟಿಂಗ್ ಮಾಡಿದ ಸಾದಾ ಕಬ್ಬಿಣ ಇರಬಹುದು, ಅಥವಾ 410 ಜಾತಿಯ ಎಸ್.ಎಸ್. (ಸ್ಟೇನ್‌ಲೆಸ್ ಸ್ಟೀಲ್) ಇರಬಹುದು. ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂಗಳು ಎಷ್ಟೋ ಸಲ ಆ 410. ಹೆಸರಿಗೆ ಎಸ್.ಎಸ್., ಕಡಲ ಹತ್ತಿರ ಎರಡು ಮಳೆಗಾಲದಲ್ಲಿ ಕೆಂಪಾಗುತ್ತದೆ.

ಸಾದಾ ಮಾತು:
ಅಲ್ಯುಮಿನಿಯಂಗೆ ತುಕ್ಕು ಹಿಡಿಯುವುದೇ ಇಲ್ಲ ಅಲ್ವಾ? ಬಿಳಿ ಪುಡಿ ಧೂಳು ಇರಬೇಕು. ಸುಮ್ನೆ ಭಯ ಹುಟ್ಟಿಸಿ ಜನರಿಂದ ಲಕ್ಷಗಟ್ಟಲೆ ಖರ್ಚು ಮಾಡಿಸುವುದು ಬೇಡ. ನಮ್ಮ ಮನೆಯ ಅಲ್ಯುಮಿನಿಯಂ ಕಿಟಕಿ ಇಪ್ಪತ್ತು ವರ್ಷದಿಂದ ಹಾಗೇ ಇದೆ.

ಲೋಹದ ಮೇಷ್ಟ್ರು:
ಸಾದಾ ಮಾತು ಅವರೇ, ನಿಮ್ಮ ಮನೆ ಎಲ್ಲಿದೆ ಅಂತ ಹೇಳಿದರೆ ಒಳ್ಳೆಯದು. ದಾವಣಗೆರೆಯ ಕಿಟಕಿಗೂ ಸುರತ್ಕಲ್‌ನ ಲೂವರ್‌ಗೂ ಹೋಲಿಕೆ ಇಲ್ಲ.

ಅಲ್ಯುಮಿನಿಯಂ ಮೇಲೆ ತಾನಾಗಿಯೇ ಒಂದು ತೆಳು ಆಕ್ಸೈಡ್ ಪದರ ಬರುತ್ತದೆ, ಅದೇ ಅದನ್ನು ಕಾಯುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ಆ ಪದರವನ್ನು ಅಲ್ಲಲ್ಲಿ ಮುರಿದು ಸಣ್ಣ ಸಣ್ಣ ಗುಂಡಿ ಕೊರೆಯುತ್ತದೆ. ಆ ಬಿಳಿ ಪುಡಿ ಧೂಳಲ್ಲ, ಅಲ್ಯುಮಿನಿಯಂ ಸವೆದು ಬಂದದ್ದು. ಪೌಡರ್ ಕೋಟಿಂಗ್ (ಪುಡಿ ಬಣ್ಣವನ್ನು ಬಿಸಿಯಲ್ಲಿ ಕೂರಿಸಿದ ಪದರ) ಇದ್ದರೂ, ಪಟ್ಟಿಯನ್ನು ಸೈಟ್‌ನಲ್ಲಿ ಕತ್ತರಿಸಿದ ತುದಿಯಲ್ಲಿ, ಸ್ಕ್ರೂಗೆ ತೂತು ಕೊರೆದ ಕಡೆ ಲೋಹ ಬೆತ್ತಲೆ ಇರುತ್ತದೆ. ಉಪ್ಪುನೀರು ಅಲ್ಲಿಂದ ಕೋಟಿಂಗ್ ಅಡಿಗೆ ನುಗ್ಗಿ ಎರೆಹುಳ ಹರಿದ ಹಾಗೆ ಗೆರೆ ಎಳೆಯುತ್ತಾ ಹೋಗುತ್ತದೆ. ಪಡುಗಡಲು ಅವರು ಹೇಳಿದ ಗುಳ್ಳೆಗಳು ತುದಿಯಲ್ಲೇ ಇವೆ, ನಡುವೆ ಇಲ್ಲ. ಅದರಿಂದಲೇ ವಿಷಯ ಗೊತ್ತಾಗುತ್ತದೆ.

ಇನ್ನೊಂದು ದೊಡ್ಡ ಕಾರಣ ಎರಡು ಲೋಹ ಮುಟ್ಟಿಕೊಂಡಿರುವುದು. ಅಲ್ಯುಮಿನಿಯಂ ಪಟ್ಟಿ ನೇರವಾಗಿ ಎಂ.ಎಸ್. ಫ್ರೇಮ್ ಮೇಲೆ ಕೂತಿದೆ, ನಡುವೆ ಉಪ್ಪುನೀರು. ಬ್ಯಾಟರಿಯ ಒಳಗೆ ಆಗುವ ಕೆಲಸವೇ ಅಲ್ಲೂ ಆಗುತ್ತದೆ, ಸವೆಯುವುದು ಅಲ್ಯುಮಿನಿಯಂ. ಫ್ರೇಮಿನ ಪೇಂಟ್ ಹೋದ ಮೇಲೆ ಇದು ಇನ್ನೂ ಜೋರಾಗುತ್ತದೆ. ನಡುವೆ ಒಂದು ನೈಲಾನ್ ಪ್ಯಾಕಿಂಗ್ ಅಥವಾ ಇಪಿಡಿಎಂ ರಬ್ಬರ್ ಇಟ್ಟಿದ್ದರೆ ಎಷ್ಟೋ ಉಳಿಯುತ್ತಿತ್ತು.

ಸಾದಾ ಮಾತು:
ಸರಿ ಮೇಷ್ಟ್ರೇ, ಪುಡಿ ವಿಷಯ ಒಪ್ಪಿದೆ. ಹಾಗಾದರೆ ಸ್ಕ್ರೂ ಮಾತ್ರ ಒಳ್ಳೆಯ ಎಸ್.ಎಸ್.ಗೆ ಬದಲಾಯಿಸಿದರೆ ಮುಗಿಯಿತಲ್ಲ? ಎಲ್ಲ ಬಿಚ್ಚುವುದು ಯಾಕೆ?

ಲೋಹದ ಮೇಷ್ಟ್ರು:
ಎಸ್.ಎಸ್. ಸ್ಕ್ರೂ ಸರಿಯಾದ ದಾರಿಯೇ. ದೊಡ್ಡ ಅಲ್ಯುಮಿನಿಯಂ ಪಟ್ಟಿಯಲ್ಲಿ ಸಣ್ಣ ಎಸ್.ಎಸ್. ಸ್ಕ್ರೂ ಇದ್ದರೆ ಸವೆತ ನಿಧಾನ. ಇದರ ತದ್ವಿರುದ್ಧ, ಅಂದರೆ ದೊಡ್ಡ ಎಸ್.ಎಸ್. ತಗಡಿಗೆ ಸಣ್ಣ ಅಲ್ಯುಮಿನಿಯಂ ರಿವೆಟ್ ಹೊಡೆದರೆ ರಿವೆಟ್ ಬೇಗ ಹೋಗುತ್ತದೆ. ಆದರೆ ಕಡಲ ಎದುರು ಎಸ್.ಎಸ್. ಸ್ಕ್ರೂ ಹಾಕಿದರೂ ಸುತ್ತ ನೈಲಾನ್ ವಾಷರ್ ಬೇಕೇ ಬೇಕು. ಮತ್ತೆ 304 ಜಾತಿಯ ಎಸ್.ಎಸ್. ಸಾಲದು, 316 ಬೇಕು. ಅದರಲ್ಲಿ ಶೇ. 2ರಿಂದ 3ರಷ್ಟು ಮಾಲಿಬ್ಡಿನಂ ಇರುತ್ತದೆ, ಕ್ಲೋರೈಡ್ ತಡೆಯುವ ಶಕ್ತಿ ಬರುವುದು ಅದರಿಂದ. ಆಯಸ್ಕಾಂತ ಹಿಡಿದು 304, 316 ಯಾವುದು ಅಂತ ಹೇಳಲು ಆಗುವುದಿಲ್ಲ, ನೆನಪಿರಲಿ.

ಬೀಮ್ ಕಾಲಂ:
ಬೆಂಗಳೂರಿನಲ್ಲಿ ಸ್ಟ್ರಕ್ಚರಲ್ ಎಂಜಿನಿಯರ್ ನಾನು. ಎಲ್ಲರೂ ತುಕ್ಕಿನ ಬಗ್ಗೆಯೇ ಮಾತಾಡುತ್ತಿದ್ದೀರಿ, ಗಾಳಿ ಲೆಕ್ಕವನ್ನೂ ನೋಡಿ.

ಕಟ್ಟಡದ ಮೇಲಿನ ಗಾಳಿ ಒತ್ತಡಕ್ಕೆ ಇರುವ ಭಾರತೀಯ ಮಾನದಂಡ ಐಎಸ್ 875 ಭಾಗ 3 (2015) ಪ್ರಕಾರ ಬೆಂಗಳೂರಿಗೆ ಮೂಲ ಗಾಳಿ ವೇಗ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39. ವ್ಯತ್ಯಾಸ ಸಣ್ಣದು ಅನಿಸುತ್ತದೆ. ಆದರೆ ಒತ್ತಡ ಲೆಕ್ಕ ಹಾಕುವುದು ವೇಗದ ವರ್ಗಕ್ಕೆ, ಅಂದರೆ 0.6 ಗುಣಿಸು ವೇಗದ ವರ್ಗ (ಉತ್ತರ ನ್ಯೂಟನ್‌ನಲ್ಲಿ, 9.8ರಿಂದ ಭಾಗಿಸಿದರೆ ಕೆಜಿ). ಬೇರೆ ಗುಣಕಗಳನ್ನು ಬಿಟ್ಟು ನೋಡಿದರೂ ಬೆಂಗಳೂರಿನಲ್ಲಿ ಚದರ ಮೀಟರಿಗೆ ಸುಮಾರು 67 ಕೆಜಿ ಒತ್ತಡ ಬರುವ ಕಡೆ ಮಂಗಳೂರಿನಲ್ಲಿ 93 ಕೆಜಿ. ನಲವತ್ತು ಪರ್ಸೆಂಟ್ ಜಾಸ್ತಿ! ಇಲ್ಲಿಯ ಡ್ರಾಯಿಂಗ್ ತೆಗೆದುಕೊಂಡು ಹೋಗಿ ಅಲ್ಲಿ ಹಾಗೇ ಕಟ್ಟುವುದನ್ನು ನಾನು ನೋಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಅದರ ಮೇಲೆ, ಕಟ್ಟಡದ ಮೂಲೆಯಲ್ಲಿ, ಟೆರೇಸಿನ ಅಂಚಿನಲ್ಲಿ ಗಾಳಿ ತಿರುಗುವಾಗ ಒತ್ತಡ ನಡುಗೋಡೆಗಿಂತ ತುಂಬಾ ಹೆಚ್ಚು. ಅಲ್ಲಿ ಗಾಳಿ ಪಟ್ಟಿಯನ್ನು ಗೋಡೆಗೆ ಒತ್ತುವುದಕ್ಕಿಂತ ಹೊರಗೆ ಎಳೆಯುವುದು ಜಾಸ್ತಿ. ಸ್ಕ್ರೂ ಕಿತ್ತು ಬರುವುದು ಆ ಎಳೆತಕ್ಕೆ. ಪಡುಗಡಲು, ಬಿಟ್ಟುಕೊಂಡ ಪಟ್ಟಿ ಮೂಲೆಯದಾ?

ಪಡುಗಡಲು:
ಹೌದು ಸರ್, ದಕ್ಷಿಣದ ಮೂಲೆಯ ಪಕ್ಕದ್ದು. ನಾವು ಅದನ್ನು ಗಮನಿಸಿಯೇ ಇರಲಿಲ್ಲ.

ಸಾದಾ ಮಾತು:
ಏಳು ಮಹಡಿಗೆ ಇಷ್ಟೆಲ್ಲ ಲೆಕ್ಕ ಬೇಕಾ? ಪಶ್ಚಿಮ ಕರಾವಳಿಗೆ ಒಡಿಶಾ, ಆಂಧ್ರದ ಹಾಗೆ ಚಂಡಮಾರುತ ಬರುವುದಿಲ್ಲ.

ಹದಿನಾರು ಗೇಜ್:
2021ರ ಮೇ ತಿಂಗಳು ಮರೆತಿರಾ? ತೌಕ್ತೆ ನಮ್ಮ ದಡ ಮುಟ್ಟದೆ ಗುಜರಾತಿಗೆ ಹೋಯಿತು. ಆದರೂ ಇಲ್ಲಿ ಉಳ್ಳಾಲದಿಂದ ಮರವಂತೆಯವರೆಗೆ ಎಂತ ಆಯಿತು ಅಂತ ಕರಾವಳಿಯವರನ್ನು ಕೇಳಿ. ಆ ಎರಡು ದಿನ ಮುಗಿದ ಮೇಲೆ ನಮಗೆ ಬಂದ ಫೋನ್ ಎಲ್ಲ ಶೀಟ್ ಹಾರಿದ್ದು, ಬೋರ್ಡ್ ಬಿದ್ದದ್ದು, ಗ್ರಿಲ್ ಬಿಟ್ಟುಕೊಂಡದ್ದು.

ಬೀಮ್ ಕಾಲಂ:
ಅದೂ ಅಲ್ಲದೆ ಪಟ್ಟಿ ಬೀಳಲು ಚಂಡಮಾರುತವೇ ಬೇಕು ಅಂತಿಲ್ಲ. ಈ ಕಟಕಟ ಸದ್ದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸಾಧಾರಣ ಗಾಳಿಯೇ ಪಟ್ಟಿಯ ಅಂಚಿನಿಂದ ಸುಳಿ ಸುಳಿಯಾಗಿ ಕಳಚಿಕೊಂಡು ಪಟ್ಟಿಯನ್ನು ಮೇಲೆ ಕೆಳಗೆ ಅಲುಗಿಸುತ್ತದೆ. ಒಂದು ಅಂದಾಜು ಹೇಳುತ್ತೇನೆ. 50 ಮಿಮೀ ದಪ್ಪದ ಪಟ್ಟಿಗೆ ಸೆಕೆಂಡಿಗೆ 10 ಮೀಟರ್ ಗಾಳಿ ಬಡಿದರೆ ಸೆಕೆಂಡಿಗೆ ಸುಮಾರು 40 ಸಲ ಸುಳಿ ಏಳುತ್ತದೆ. ಒಂದು ಗಂಟೆಗೆ 1,44,000 ಸಲ. ಪಟ್ಟಿಯ ಸ್ವಂತ ಕಂಪನವೂ ಅದೇ ಲೆಕ್ಕಕ್ಕೆ ಬಂದರೆ ಅಲುಗಾಟ ದೊಡ್ಡದಾಗುತ್ತದೆ. ಕಬ್ಬಿಣಕ್ಕೆ ಇಷ್ಟರ ಕೆಳಗೆ ಎಷ್ಟು ಸಲ ಬಗ್ಗಿಸಿದರೂ ಮುರಿಯುವುದಿಲ್ಲ ಅನ್ನುವ ಒಂದು ಮಿತಿ ಇದೆ. ಅಲ್ಯುಮಿನಿಯಂಗೆ ಅಂಥ ಮಿತಿ ಇಲ್ಲ, ಸಣ್ಣ ಅಲುಗಾಟವೂ ಸೇರುತ್ತಾ ಹೋಗುತ್ತದೆ. ಬಿರುಕು ಮೊದಲು ಬರುವುದು ಸ್ಕ್ರೂ ತೂತಿನ ಬದಿಯಲ್ಲಿ.

ಬಾಲ್ಕನಿ ತೋಟ:
ಸದ್ದಿನ ವಿಷಯಕ್ಕೆ: 2020ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಯೇ ಹಾಡಲು ಶುರು ಮಾಡಿತ್ತು. ಫುಟ್‌ಪಾತ್ ಕಟಾಂಜನದ ಅಗಲ ಪಟ್ಟಿ ತೆಗೆದು ತೆಳು ಪಟ್ಟಿ ಹಾಕಿದ್ದರು, ಗಾಳಿ ಬಂದರೆ ಮೈಲಿಗಟ್ಟಲೆ ಕೇಳುವಷ್ಟು ಸದ್ದು. ಆಮೇಲೆ ರಬ್ಬರ್ ಇರುವ ಯು ಆಕಾರದ ಕ್ಲಿಪ್ ಹಾಕುವ ಪರಿಹಾರ ಕಂಡುಕೊಂಡರು. ಇಂಗ್ಲೆಂಡ್‌ನ ಮ್ಯಾಂಚೆಸ್ಟರ್‌ನಲ್ಲಿ ಬೀಥಮ್ ಟವರ್ ಅಂತ ಇದೆ, 2006ರಲ್ಲಿ ಮುಗಿದದ್ದು, ಅದರ ತಲೆಯ ಮೇಲಿನ ಗಾಜಿನ ರಚನೆಯೂ ಗಾಳಿಗೆ ಗುಂಯ್ ಅನ್ನುತ್ತದೆ.

ಬೀಮ್ ಕಾಲಂ:
ಒಳ್ಳೆಯ ಉದಾಹರಣೆ ಮೇಡಂ. ಇಲ್ಲೂ ಹಾಗೇ, ಪಟ್ಟಿಯ ನಡುವೆ ಒಂದು ಆಧಾರ ಕೊಟ್ಟು ಉದ್ದ ಅರ್ಧ ಮಾಡಿದರೆ, ತುದಿಯಲ್ಲಿ ರಬ್ಬರ್ ಬುಷ್ ಹಾಕಿದರೆ ಸದ್ದು, ಅಲುಗಾಟ ಎರಡೂ ಇಳಿಯುತ್ತವೆ.

ಮಸ್ಕತ್ ಕನ್ನಡಿಗ:
ನಾನು ಕುಂದಾಪುರದವನು, ಮಸ್ಕತ್‌ನಲ್ಲಿ ಫಸಾಡ್ (ಕಟ್ಟಡದ ಹೊರಮೈ) ಕೆಲಸದ ಸೂಪರ್‌ವೈಸರ್. ಇಲ್ಲಿ ನಮ್ಮ ಸಮಸ್ಯೆ ಮಳೆ ಇಲ್ಲದಿರುವುದು. ಮಳೆ ಇದ್ದರೆ ಉಪ್ಪು ತೊಳೆದು ಹೋಗುತ್ತದೆ. ಇಲ್ಲಿ ಧೂಳು, ಉಪ್ಪು, ಬೆಳಗಿನ ಇಬ್ಬನಿ ಮೂರೂ ಸೇರಿ ಪಟ್ಟಿಯ ಮೇಲೆ ಹಿಟ್ಟಿನಂತೆ ಕೂರುತ್ತವೆ. ಅದಕ್ಕೇ ಮೇಂಟೆನೆನ್ಸ್ ಕಾಂಟ್ರಾಕ್ಟ್‌ನಲ್ಲಿ ತೊಳೆಯುವುದನ್ನು ಬರೆದಿರುತ್ತೇವೆ. ಕಡಲ ಹತ್ತಿರದ ಕಟ್ಟಡಗಳಿಗೆ ಕೋಟಿಂಗ್ ಕಂಪನಿಯವರೇ ಮೂರು ತಿಂಗಳಿಗೊಮ್ಮೆ ಸಿಹಿನೀರಿನಲ್ಲಿ ತೊಳೆದ ದಾಖಲೆ ಕೇಳುತ್ತಾರೆ, ಇಲ್ಲದಿದ್ದರೆ ವಾರಂಟಿ ಇಲ್ಲ.

ಪಡುಗಡಲು ಅವರೇ, ಒಂದು ವಿಷಯ ನೋಡಿ ಹೇಳಿ. ಪಟ್ಟಿಯ ಮೇಲ್ಭಾಗ ಹಾಳಾಗಿದೆಯಾ, ಕೆಳಭಾಗವಾ?

ಹಂಚಿನ ಮನೆ:
ನನಗೆ ಒಂದು ಪ್ರಶ್ನೆ. ಈ ಲೂವರ್ ಬೇಕೇ ಬೇಕಾ? ನಮ್ಮ ಊರಿನ ಹಳೆ ಮನೆಗಳಲ್ಲಿ ಮಾಡನ್ನೇ (ಸೂರನ್ನೇ) ಉದ್ದ ಇಳಿಸಿ ಮಳೆ ಬಿಸಿಲು ಎರಡನ್ನೂ ತಡೆಯುತ್ತಿದ್ದರು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಬಂದ ಮನೆಗಳನ್ನು ನೋಡಿ, ಕಿಟಕಿಗೆ ಮರದ ಅಡ್ಡಪಟ್ಟಿ, ಮೇಲೆ ಹಂಚಿನ ಇಳಿಜಾರು. ನೂರು ವರ್ಷದ ಮೇಲೂ ನಿಂತಿವೆ. ಈಗ ಕಡಲಿಗೆ ಮುಖ ಮಾಡಿ ಕಬ್ಬಿಣ ನೇತು ಹಾಕುತ್ತೇವೆ.

ಹದಿನಾರು ಗೇಜ್:
ಹಳೆ ಮನೆಯ ಮರದ ಪಟ್ಟಿ ಮಾಡಿನ ಅಡಿಯಲ್ಲಿ ಇರುತ್ತಿತ್ತು, ಮನೆಯವರು ಎಣ್ಣೆಯನ್ನೂ ಹಚ್ಚುತ್ತಿದ್ದರು. ಏಳನೇ ಮಹಡಿಗೆ ಯಾರು ಎಣ್ಣೆ ಹಚ್ಚುತ್ತಾರೆ? ಪಶ್ಚಿಮದ ಬಿಸಿಲಿಗೆ ಲೂವರ್ ನಿಜಕ್ಕೂ ಉಪಯೋಗ ಉಂಟು. ನನ್ನ ಜಗಳ ಏನಿದ್ದರೂ ಎ.ಸಿ. ಔಟ್‌ಡೋರ್ ಯೂನಿಟ್ ಮುಚ್ಚಲು ಒತ್ತೊತ್ತಾಗಿ ಹಾಕುವ ಲೂವರ್ ಮೇಲೆ. ಬಿಸಿಗಾಳಿ ಹೊರಗೆ ಹೋಗದೆ ಅಲ್ಲೇ ತಿರುಗುತ್ತದೆ, ಎ.ಸಿ. ಕೂಲಿಂಗ್ ಕಡಿಮೆ, ಬಿಲ್ ಜಾಸ್ತಿ. ಸರ್ವಿಸ್‌ಗೆ ಬಂದ ಹುಡುಗ ಆ ಪಟ್ಟಿಯ ಮೇಲೇ ಕಾಲಿಟ್ಟು ನಿಲ್ಲುತ್ತಾನೆ. ಅದು ನಿಲ್ಲುವುದಕ್ಕೆ ಮಾಡಿದ್ದಲ್ಲ!

ಬಾಲ್ಕನಿ ತೋಟ:
ಪಾರಿವಾಳದ ಬಗ್ಗೆ ಯಾರೂ ಹೇಳಲಿಲ್ಲ. ಜಯನಗರದ ನಮ್ಮ ಬಿಲ್ಡಿಂಗ್‌ನಲ್ಲಿ ಡಕ್ಟ್ ಲೂವರ್ ತುಂಬ ಗೂಡು. ಹಿಕ್ಕೆ ಬಿದ್ದ ಕಡೆಯೆಲ್ಲ ಕೋಟಿಂಗ್ ಮಂಕಾಗಿ ಎದ್ದಿದೆ.

ಲೋಹದ ಮೇಷ್ಟ್ರು:
ನಿಜ, ಹಿಕ್ಕೆ ನೀರು ಹಿಡಿದಿಟ್ಟುಕೊಳ್ಳುತ್ತದೆ, ಅದರಲ್ಲಿ ಆಮ್ಲವೂ ಇದೆ. ಒಣಗಿ ಗಟ್ಟಿಯಾಗುವ ಮುಂಚೆ ತೊಳೆಯಬೇಕು. ಒಣಗಿದ ಮೇಲೆ ಕೆರೆದರೆ ಕೋಟಿಂಗೂ ಕಿತ್ತು ಬರುತ್ತದೆ.

ಪಡುಗಡಲು:
ಇವತ್ತು ಹಗ್ಗದಲ್ಲಿ ಇಳಿಯುವ ಇಬ್ಬರನ್ನು ಕರೆಸಿ ಮೂಲೆಯ ಒಂದು ಭಾಗ ಬಿಚ್ಚಿಸಿದೆವು. ಪಾರ್ಕಿಂಗ್‌ಗೆ ಹಗ್ಗ ಕಟ್ಟಿ ಆಗಿದೆ.

ಪಟ್ಟಿಗೆ ಆಯಸ್ಕಾಂತ ಅಂಟಲಿಲ್ಲ, ಅಲ್ಯುಮಿನಿಯಂ ಹೌದು. ಸ್ಕ್ರೂಗಳಿಗೆ ಅಂಟಿತು. ಸ್ಪ್ಯಾನರ್ ಹಾಕಿ ತಿರುಗಿಸಿದರೆ ಒಂದರ ತಲೆ ಹಾಗೇ ಕೈಗೆ ಬಂತು, ಕತ್ತು ಬೆಂಕಿಕಡ್ಡಿಗಿಂತ ತೆಳ್ಳಗೆ ಸವೆದಿತ್ತು. ಇನ್ನೊಂದರಲ್ಲಿ ಸ್ಕ್ರೂ ಗಟ್ಟಿ ಇತ್ತು, ಆದರೆ ಪಟ್ಟಿಯ ತೂತೇ ಉದ್ದವಾಗಿ ಸವೆದು ಬದಿಯಲ್ಲಿ ಕೂದಲೆಳೆಯ ಬಿರುಕು ಬಂದಿತ್ತು. ಬೀಮ್ ಕಾಲಂ ಸರ್ ಹೇಳಿದ ಜಾಗದಲ್ಲೇ.

ಮಸ್ಕತ್ ಅಣ್ಣ, ನಿಮ್ಮ ಪ್ರಶ್ನೆಗೆ: ಮೇಲ್ಭಾಗ ಚೆನ್ನಾಗಿಯೇ ಇದೆ, ಬಣ್ಣ ಸ್ವಲ್ಪ ಮಾಸಿದೆ ಅಷ್ಟೇ. ಕೆಳಭಾಗದಲ್ಲಿ, ಫ್ರೇಮಿಗೆ ತಾಗುವ ಒಳಬದಿಯಲ್ಲಿ, ಕೈಗೆ ಒರಟಾಗಿ ಸಿಗುವ ಬೂದು ಪದರ. ಒಬ್ಬ ಹುಡುಗ ಬೆರಳಲ್ಲಿ ಮುಟ್ಟಿ ನಾಲಿಗೆಗೆ ಇಟ್ಟು "ಉಪ್ಪೇ ಸರ್" ಅಂದ. ಎಂ.ಎಸ್. ಪೈಪಿಗೆ ಎಂಡ್ ಕ್ಯಾಪ್ ಇರಲಿಲ್ಲ, ಓರೆ ಮಾಡಿದಾಗ ಒಳಗಿಂದ ಕೆಂಪು ನೀರು ಸುರಿಯಿತು. ಫೋಟೊ ಹಾಕಿದ್ದೇನೆ.

ಮಸ್ಕತ್ ಕನ್ನಡಿಗ:
ನಾನು ಅಂದುಕೊಂಡದ್ದು ಅದೇ. ಮಳೆ ನೇರ ಬೀಳುವ ಮೇಲ್ಭಾಗ ತೊಳೆದುಕೊಳ್ಳುತ್ತದೆ. ಮಳೆ ತಾಗದ ಅಡಿಭಾಗಕ್ಕೆ ಉಪ್ಪುಗಾಳಿ ಮಾತ್ರ ಹೋಗುತ್ತದೆ, ತೊಳೆಯುವವರಿಲ್ಲ. ಮಂಗಳೂರಿನಲ್ಲಿ ಅಷ್ಟು ಮಳೆ ಸುರಿದರೂ ಆ ಜಾಗ ಮಸ್ಕತ್ ತರಹವೇ. ತೊಳೆಯುವಾಗ ಪೈಪನ್ನು ಕೆಳಗಿಂದ ಮೇಲಕ್ಕೆ ಹಿಡಿಯಬೇಕು. ನೆಲದಿಂದ ನೋಡಿ ಚೆನ್ನಾಗಿದೆ ಅಂತ ಹೇಳುವುದನ್ನು ನಂಬಲೇಬೇಡಿ.

ನೆಲಮಹಡಿ:
ಬೋರ್‌ವೆಲ್ ನೀರಿನಲ್ಲಿ ತೊಳೆಯಬಹುದಾ? ಕಡಲ ಹತ್ತಿರ ಅದೂ ಉಪ್ಪು.

ಮಸ್ಕತ್ ಕನ್ನಡಿಗ:
ಉಪ್ಪು ಬೋರ್ ನೀರು ಬೇಡ. ನಲ್ಲಿಯ ಸಿಹಿನೀರು, ಜೊತೆಗೆ ಸೌಮ್ಯ ಸೋಪು ಸಾಕು. ಆಸಿಡ್, ಕಾಸ್ಟಿಕ್ ಯಾವುದೂ ಬೇಡ. ಸಿಮೆಂಟ್ ಕೆಲಸ ನಡೆದರೆ ಅಲ್ಯುಮಿನಿಯಂ ಮೇಲೆ ಸಿಮೆಂಟ್ ನೀರು ಬೀಳದಂತೆ ಮುಚ್ಚಿ, ಹಸಿ ಸಿಮೆಂಟೂ ಅಲ್ಯುಮಿನಿಯಂ ತಿನ್ನುತ್ತದೆ.

ಸಾದಾ ಮಾತು:
ಫೋಟೊ ನೋಡಿದೆ. ಪೇಂಟ್ ಹೊಡೆದು ಬಿಡುವ ಕೆಲಸ ಅಲ್ಲ ಇದು, ಒಪ್ಪುತ್ತೇನೆ. ಆದರೂ ಖರ್ಚು ಕೊಡುವವರು ಸಾಮಾನ್ಯ ಜನ. ಎಂ.ಎಸ್. ಬದಲು ಜಿ.ಐ. (ಜಿಂಕ್ ಲೇಪಿಸಿದ) ಪೈಪ್ ಹಾಕಿಸಿದರೆ ಕಡಿಮೆಗೆ ಆಗುವುದಿಲ್ಲವಾ?

ಹದಿನಾರು ಗೇಜ್:
ಅಂಗಡಿಯಲ್ಲಿ ಸಿಗುವ ಜಿ.ಐ. ತೆಳು ಪೈಪ್ ಬೇಡ. ಚದರ ಮೀಟರಿಗೆ 275 ಗ್ರಾಂ ಜಿಂಕ್ ಅಂತ ಇದ್ದರೆ ಅದು ಎರಡೂ ಬದಿ ಸೇರಿ, ಒಂದು ಬದಿಗೆ ಸುಮಾರು 20 ಮೈಕ್ರಾನ್ ಮಾತ್ರ (ಸಾವಿರ ಮೈಕ್ರಾನ್ ಅಂದರೆ 1 ಮಿಮೀ). ಅದನ್ನೂ ಸೈಟ್‌ನಲ್ಲಿ ವೆಲ್ಡ್ ಮಾಡಿದ ಕಡೆ ಜಿಂಕ್ ಸುಟ್ಟು ಹೋಗುತ್ತದೆ, ಮೇಲೆ ಸಿಲ್ವರ್ ಪೇಂಟ್ ಬಳಿದು ಕೊಡುತ್ತಾರೆ. ಮಾಡುವುದಾದರೆ ಪೂರ್ತಿ ಫ್ರೇಮ್ ಕತ್ತರಿಸಿ, ವೆಲ್ಡ್ ಮಾಡಿ, ತೂತು ಕೊರೆದು, ಆಮೇಲೆ ಹಾಟ್ ಡಿಪ್‌ಗೆ, ಅಂದರೆ ಕರಗಿದ ಜಿಂಕ್‌ನಲ್ಲಿ ಅದ್ದಿ ತೆಗೆಯಲು, ಕಳಿಸಬೇಕು. ಸೈಟ್‌ನಲ್ಲಿ ಬೋಲ್ಟ್ ಮಾತ್ರ.

ಲೋಹದ ಮೇಷ್ಟ್ರು:
ಇದಕ್ಕೆ ಲೆಕ್ಕ ಕೊಡುತ್ತೇನೆ. ಐಎಸ್ಒ 9223 ಅನ್ನುವ ಅಂತರರಾಷ್ಟ್ರೀಯ ಮಾನದಂಡದಲ್ಲಿ ಲೋಹ ಎಷ್ಟು ಬೇಗ ಸವೆಯುತ್ತದೆ ಅನ್ನುವುದರ ಮೇಲೆ ವಾತಾವರಣವನ್ನು ಸಿ1ರಿಂದ ಸಿ5, ಅದರ ಮೇಲೆ ಸಿಎಕ್ಸ್ ಅಂತ ವಿಂಗಡಿಸಿದ್ದಾರೆ. ಕಡಲಿಗೆ ಎದುರಾದ ಗೋಡೆಗೆ ಸಿ5 ಅಂತಲೇ ಹಿಡಿದು ಡಿಸೈನ್ ಮಾಡುವುದು ಕ್ಷೇಮ. ಸಿ5ರಲ್ಲಿ ಜಿಂಕ್ ವರ್ಷಕ್ಕೆ 4.2ರಿಂದ 8.4 ಮೈಕ್ರಾನ್ ಸವೆಯುತ್ತದೆ. 20 ಮೈಕ್ರಾನ್ ಇದ್ದರೆ ಹೆಚ್ಚೆಂದರೆ ಐದು ವರ್ಷ. 6 ಮಿಮೀಗಿಂತ ದಪ್ಪ ಕಬ್ಬಿಣಕ್ಕೆ ಹಾಟ್ ಡಿಪ್‌ನಲ್ಲಿ 85 ಮೈಕ್ರಾನ್ ಕೂರುತ್ತದೆ, ಹತ್ತರಿಂದ ಇಪ್ಪತ್ತು ವರ್ಷ. ಮೇಲೆ ಪೇಂಟ್ ಕೊಟ್ಟರೆ ಇನ್ನೂ ಹೆಚ್ಚು. ಸಾದಾ ಮಾತು ಅವರೇ, ಕಡಿಮೆ ಖರ್ಚು ಯಾವುದು ಅಂತ ಈಗ ನೀವೇ ಹೇಳಿ.

ಸಾದಾ ಮಾತು:
ಒಪ್ಪಿದೆ.

ಬೀಮ್ ಕಾಲಂ:
ಇನ್ನೊಂದು ಲೆಕ್ಕ. ಏಳು ಮಹಡಿಗೆ ಸ್ಕ್ಯಾಫೋಲ್ಡಿಂಗ್ ಅಥವಾ ಹಗ್ಗದ ಕೆಲಸದವರ ಖರ್ಚು, ಹತ್ತು ರೂಪಾಯಿಯ ಸ್ಕ್ರೂ ಹಾಕಿದರೂ ಅಷ್ಟೇ, ನೂರು ರೂಪಾಯಿಯದು ಹಾಕಿದರೂ ಅಷ್ಟೇ. ಮೇಲೆ ಹತ್ತಿದ ಮೇಲೆ ಸ್ಕ್ರೂ, ವಾಷರ್‌ನಲ್ಲಿ ಉಳಿಸಲು ಹೋಗಬೇಡಿ.

ಎಲ್ಲ ಪಟ್ಟಿ ಎಸೆಯಬೇಕು ಅಂತ ನಾನು ಹೇಳುವುದಿಲ್ಲ. ಬಿರುಕು ಇಲ್ಲದ್ದನ್ನು ತುದಿ ಕತ್ತರಿಸಿ, ಹಳೆ ಕೋಟಿಂಗ್ ತೆಗೆದು, ಮತ್ತೆ ಕೋಟ್ ಮಾಡಿಸಿ ಬಳಸಬಹುದು. ಫ್ರೇಮ್ ಮಾತ್ರ ಹೊಸದೇ ಬೇಕು, ಒಳಗಿಂದ ತುಕ್ಕು ಹಿಡಿದ ಪೈಪನ್ನು ಹೊರಗಿಂದ ಪೇಂಟ್ ಮಾಡಿ ಉಳಿಸಲು ಸಾಧ್ಯವಿಲ್ಲ. ಹಾಗೇ ಬ್ರ್ಯಾಕೆಟ್ ಎಲ್ಲಿಗೆ ಕೂತಿದೆ ನೋಡಿ. ಆಂಕರ್ ಬೋಲ್ಟ್ ಕಾಂಕ್ರೀಟ್ ಬೀಮ್‌ಗೆ ಹೋಗಿರಬೇಕು. ಕೆಂಪುಕಲ್ಲಿಗೆ ಅಥವಾ ಹಾಲೋ ಬ್ಲಾಕ್‌ಗೆ ಹೊಡೆದಿದ್ದರೆ ಮಿಕ್ಕದ್ದೆಲ್ಲ ಎಷ್ಟು ಗಟ್ಟಿ ಇದ್ದರೂ ಪ್ರಯೋಜನ ಇಲ್ಲ.

ಪಡುಗಡಲು:
ಹಾಗಾದರೆ ಕೊಟೇಶನ್‌ನಲ್ಲಿ ಏನೇನು ಬರೆಸಬೇಕು? ಮುಂದಿನ ಭಾನುವಾರ ಮೀಟಿಂಗ್ ಇದೆ.

ಹದಿನಾರು ಗೇಜ್:
ಫ್ರೇಮ್ ಫ್ಯಾಬ್ರಿಕೇಶನ್ ಆದ ಮೇಲೆ ಹಾಟ್ ಡಿಪ್, ಆಮೇಲೆ ವೆಲ್ಡಿಂಗ್ ಇಲ್ಲ ಅಂತ ಬರೆಸಿ. ಪೈಪಿಗೆ ಎಂಡ್ ಕ್ಯಾಪ್ ಮತ್ತು ಅಡಿಯಲ್ಲಿ ನೀರು ಇಳಿಯುವ ತೂತು, ಹಾಟ್ ಡಿಪ್‌ಗೂ ಆ ತೂತು ಬೇಕು. ಪಟ್ಟಿ ಕತ್ತರಿಸಿ ತೂತು ಕೊರೆದ ಮೇಲೆಯೇ ಕೋಟಿಂಗ್, ಸೈಟ್‌ನಲ್ಲಿ ಕತ್ತರಿಸುವ ಹಾಗಿಲ್ಲ. ಪೌಡರ್ ಕೋಟಿಂಗ್ ಕನಿಷ್ಠ 60 ಮೈಕ್ರಾನ್, ಮೀಟರ್ ಹಿಡಿದು ನಿಮ್ಮೆದುರೇ ತೋರಿಸಬೇಕು, ಅಂಚಿನಲ್ಲೂ ಹಿಡಿಯಲಿ. ದುಡ್ಡು ಇದ್ದರೆ ಪಿವಿಡಿಎಫ್ (ಹೆಚ್ಚು ಬಾಳಿಕೆಯ ಕೋಟಿಂಗ್), ಇಲ್ಲದಿದ್ದರೆ 25 ಮೈಕ್ರಾನ್ ಆನೋಡೈಸಿಂಗ್ (ಕರೆಂಟ್ ಹಾಯಿಸಿ ಆಕ್ಸೈಡ್ ಪದರವನ್ನೇ ದಪ್ಪ ಮಾಡುವುದು) ಕೂಡ ಕಡಲಿಗೆ ಒಳ್ಳೆಯದೇ. ಪೂರ್ತಿ ಬೋಲ್ಟ್ 316. ತಲೆಯ ಮೇಲೆ ಎ4 ಅಂತ ಒತ್ತಿರುತ್ತದೆ, ಎ2 ಅಂತ ಇದ್ದರೆ ಅದು 304, ವಾಪಸ್ ಕಳಿಸಿ.

ಮಸ್ಕತ್ ಕನ್ನಡಿಗ:
ಒಂದು ತುದಿಯ ತೂತು ಉದ್ದ ಇರಲಿ ಅಂತಲೂ ಸೇರಿಸಿ. 3 ಮೀಟರ್ ಅಲ್ಯುಮಿನಿಯಂ ಪಟ್ಟಿ 40 ಡಿಗ್ರಿ ಏರಿಳಿತಕ್ಕೆ ಸುಮಾರು 2.8 ಮಿಮೀ ಉದ್ದವಾಗುತ್ತದೆ. ಎರಡೂ ತುದಿ ಬಿಗಿ ಹಿಡಿದರೆ ಆ ಎಳೆತ ಎಲ್ಲ ಸ್ಕ್ರೂ ಮೇಲೆ.

ಪಡುಗಡಲು:
ಎಲ್ಲ ಬರೆದುಕೊಂಡೆ. ಮಳೆ ಮುಗಿಯುವವರೆಗೆ ಮೂಲೆಯ ಪಟ್ಟಿಗಳನ್ನು ಮಾತ್ರ ಬಿಚ್ಚಿ ಇಡುತ್ತೇವೆ, ಉಳಿದ ಕೆಲಸ ಅಕ್ಟೋಬರ್ ಆದ ಮೇಲೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಬಾಲ್ಕನಿ ತೋಟ:
ಪಾರಿವಾಳದ ನೆಟ್ ಹಾಕಿಸುವ ಯೋಚನೆ ಇದ್ದರೆ ಒಂದು ಮಾತು. ನಮ್ಮಲ್ಲಿ ನೆಟ್ ಕಟ್ಟಲು ಬಂದವರು ಹೊಸ ಲೂವರ್‌ಗೇ ಕಬ್ಬಿಣದ ಸ್ಕ್ರೂ ಹೊಡೆದು ಹೋಗಿದ್ದರು.

ಹದಿನಾರು ಗೇಜ್:
ನೆಟ್ ಕೊಕ್ಕೆ ಎಲ್ಲ ಗೋಡೆಗೆ ಮಾತ್ರ. ಕೇಬಲ್‌ನವರಿಗೂ, ಎ.ಸಿ. ಹುಡುಗರಿಗೂ ಗೇಟ್‌ನಲ್ಲೇ ಹೇಳಿಬಿಡಿ.